ಬೇಸಿಗೆಯಲ್ಲಿ ಒದ್ದೆಯಾದ ತಿರುವು

ಗಾಳಿ, ಪೀಡೆ, ಶಕುನ ಅಂತ ಯಾರಾದರೂ ಹೇಳಿದರೆ ನಗುತ್ತಿದ್ದವನು ನಾನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ನೀರಿನ ಟ್ಯಾಂಕರ್ ಓಡಿಸಿಕೊಂಡಿದ್ದವನಿಗೆ ಅಂಥದ್ದಕ್ಕೆ ಪುರುಸೊತ್ತೂ ಇರಲಿಲ್ಲ. ಈಗ ನಗುವುದಿಲ್ಲ. ಹಾಗಾದರೆ ನಂಬುತ್ತೀಯಾ ಎಂದು ಕೇಳಿದರೆ ಅದೂ ಗೊತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಭದ್ರಾವತಿಯ ಹೊರಗಿನ ಬಯಲಲ್ಲಿ ನಮ್ಮ ಬೈಕ್ ರೇಸ್ ಟ್ರ್ಯಾಕ್ ಇದೆ. ಟಾರು ಕಂಡದ್ದಲ್ಲ, ಬರೀ ಮಣ್ಣು. ಯಾವ ಇಂಜಿನಿಯರೂ ಅದನ್ನು ಅಳೆದು ಮಾಡಲಿಲ್ಲ. ಕಾರ್ಖಾನೆಯಲ್ಲಿ ಕೆಲಸ ಕಡಿಮೆಯಾದ ಕಾಲದಲ್ಲಿ ಫಿಟ್ಟರ್‌ಗಳು, ಗ್ಯಾರೇಜಿನವರು ಸೇರಿ ಟ್ರ್ಯಾಕ್ಟರ್ ಹೊಡೆಸಿ ಮಾಡಿಕೊಂಡದ್ದು. ಬಂಡೆ ಅಡ್ಡ ಬಂದಲ್ಲಿ ತಿರುಗಿಸಿದರು, ದಿಬ್ಬ ಇದ್ದಲ್ಲಿ ಅದೇ ಜಂಪ್ ಆಯಿತು. ಮುಕ್ಕಾಲು ಪಾಲು ಜಲ್ಲಿ ಬೆರೆತ ಕೆಮ್ಮಣ್ಣು, ಎಷ್ಟು ನೀರು ಬಿಟ್ಟರೂ ಕುಡಿಯುತ್ತದೆ. ಕೊನೆಯ ತಿರುವು ಮಾತ್ರ ಹಳೆಯ ಕೆರೆಯಂಗಳ, ಅಂಟು ಜೇಡಿ. ನೀರು ತಾಗಿದರೆ ಎಣ್ಣೆ ಸುರಿದ ಹಾಗೆ. ಧೂಳು ಕೂರಲೆಂದು ರೇಸಿಗೆ ಮುಂಚೆ ನೀರು ಬಿಡುವವನು ಅಲ್ಲಿ ಟ್ಯಾಂಕರ್ ನಿಲ್ಲಿಸಿ, ಇಳಿದು, ಹಿಂದಿನ ವಾಲ್ವ್ ಮುಚ್ಚಬೇಕು. ಆ ಕೆಲಸ ನನ್ನದು.

ಅಣ್ಣ ಆ ಟ್ರ್ಯಾಕಿನಲ್ಲಿ ಎಲ್ಲರಿಗಿಂತ ಮುಂದಿರುತ್ತಿದ್ದ. ಒಂದು ರೇಸಿನ ಬೆಳಿಗ್ಗೆ ಅವನ ಬೈಕಿನಲ್ಲಿ ಒಂದು ಸುತ್ತು ಹೊಡೆಯುತ್ತೇನೆ ಎಂದೆ. "ನಿಂಗೆ ನಿನ್ನ ನೀರೆಮ್ಮೆ ಟ್ಯಾಂಕರ್ ಸಾಕು, ಹೋಗೋ," ಅಂದ. ಅವನ ಗೆಳೆಯರೆಲ್ಲ ನಕ್ಕರು. ಸಿಟ್ಟಿನಲ್ಲೇ ಟ್ಯಾಂಕರ್ ಹತ್ತಿದೆ. ತಿರುವು ಬಂದಾಗ ಇಳಿಯಲಿಲ್ಲ, ವಾಲ್ವ್ ಮುಚ್ಚಲಿಲ್ಲ. ಮರೆತೆ ಅನ್ನಬಹುದಿತ್ತು, ಮರೆತಿರಲಿಲ್ಲ. ಅಣ್ಣ ಜಾರಿ ಬಿದ್ದು ನಾಲ್ಕು ಜನರೆದುರು ನಗೆಪಾಟಲಾಗಲಿ ಅಂತಿದ್ದೆ. ಬಿದ್ದ ಏಟಿಗೆ ಅವನ ಮಂಡಿಯೇ ಹೋಯಿತು. ಹಿಂದೆ ಬಂದ ಬೈಕುಗಳು ಮಣ್ಣನ್ನೆಲ್ಲ ಕಲಸಿಬಿಟ್ಟಿದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ತಾನೇ ಬ್ರೇಕ್ ತಪ್ಪು ಹಿಡಿದೆ ಎಂದು ಅಣ್ಣ ನಂಬಿದ. ಮತ್ತೆ ಬೈಕ್ ಮುಟ್ಟಲಿಲ್ಲ. ನಾನು ಸುಮ್ಮನಿದ್ದೆ.

ಆಮೇಲೆ ರೇಸೂ ನಿಂತುಹೋಯಿತು. ಹೋದ ಬೇಸಿಗೆಯಲ್ಲಿ ಅದನ್ನು ಮತ್ತೆ ನಡೆಸಲು ಹೊರಟವರು, ಟ್ರ್ಯಾಕ್ ನೋಡಿ ಹೇಳಿ ಎಂದು ಅಣ್ಣನನ್ನು ಕೇಳಿದರು. ಅವನಿಗೀಗ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ. ನಾನೇ ಕರೆದುಕೊಂಡು ಹೋದೆ. ಉರಿಬಿಸಿಲ ಮಧ್ಯಾಹ್ನ, ಟ್ರ್ಯಾಕಿನಲ್ಲಿ ನಾವಿಬ್ಬರೇ. ಮಳೆಯ ಸುದ್ದಿಯೇ ಇರಲಿಲ್ಲ, ಟ್ಯಾಂಕರೂ ಬಂದಿರಲಿಲ್ಲ. ಅಣ್ಣ ಕಾಲೆಳೆಯುತ್ತಾ ಮುಂದೆ, ನಾನು ಹಿಂದೆ. ಕೊನೆಯ ತಿರುವಿನಲ್ಲಿ ನನ್ನ ಚಪ್ಪಲಿ ಕೆಸರಿನಲ್ಲಿ ಹೂತಿತು. ನೋಡಿದರೆ ತಿರುವಿನುದ್ದಕ್ಕೂ ನೀರು.

"ಅಣ್ಣ, ನಿಲ್ಲು. ಜಾರುತ್ತೆ ಅಲ್ಲಿ."

"ಏನು ಜಾರುತ್ತೋ ಮಾರಾಯ? ಬಾಯೊಳಗೆಲ್ಲ ಧೂಳು ನಂಗೆ."

"ನೀರು ಬಿಟ್ಟಿದಾರೆ."

"ನೀರು ಬಿಡೋನು ಇಲ್ಲೇ ಇದೀಯಲ್ಲೋ," ಎಂದು ನಕ್ಕ. ಆ ನೀರಿನ ಮೇಲೆಯೇ ನಿಂತಿದ್ದ. ಅವನ ಶೂ ಸುತ್ತ ಧೂಳೇಳುತ್ತಿತ್ತು.

ನಾನು ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ. ವಾಲ್ವ್, ಸಿಟ್ಟು, ಇಳಿಯದೆ ಕೂತದ್ದು. ಅಣ್ಣ ಪೂರ್ತಿ ಕೇಳಿ, ರಸ್ತೆ ಬದಿಯ ಗೇಟಿನ ಕಡೆ ನಡೆದ.

ಅಲ್ಲಿ ಟೀ ಮಾರುವಾಕೆ ನನ್ನ ಪಾದ ನೋಡಿ, "ಏನ್ರೀ, ಈ ಬಿಸ್ಲಲ್ಲಿ ಯಾರ ಗದ್ದೆ ನಾಟಿ ಮಾಡಿ ಬಂದ್ರಿ?" ಅಂದಳು. ಕಣಕಾಲಿನವರೆಗೂ ಹಸಿ ಜೇಡಿ ಮೆತ್ತಿತ್ತು. ಅಣ್ಣ ನನ್ನ ಕಾಲು ನೋಡಿದ, ತನ್ನ ಒಣ ಶೂ ನೋಡಿಕೊಂಡ. ಟೀ ಕುಡಿದು ಮುಗಿಸಿದ ಮೇಲೆ, "ಆ ಕೆಸ್ರು ಕಾಣ್ದೇ ಇದ್ದಿದ್ರೆ ಹೇಳ್ತಿದ್ಯೇನೋ ನೀನು?" ಎಂದು ಕೇಳಿದ. ನಾನು ಕಡ್ಡಿಯಿಂದ ಕಾಲಿನ ಜೇಡಿ ಕೆರೆಯತೊಡಗಿದೆ.

ಮಾರನೆಯ ದಿನ ಒಬ್ಬನೇ ಹೋಗಿ ನೋಡಿದೆ. ಜೇಡಿ ಬಿರುಕು ಬಿಟ್ಟು ಕಲ್ಲಾಗಿತ್ತು, ನನ್ನ ಚಪ್ಪಲಿಯ ಗುರುತೂ ಇರಲಿಲ್ಲ. ಅಣ್ಣ ಈಗಲೂ ಮಾತಾಡುತ್ತಾನೆ, ಊಟಕ್ಕೆ ಕರೆಯುತ್ತಾನೆ. ಆ ಪ್ರಶ್ನೆಯನ್ನು ಮಾತ್ರ ಮತ್ತೆ ಕೇಳಿಲ್ಲ. ಆ ನೀರು ಎಲ್ಲಿಂದ ಬಂತೋ ನನಗೆ ತಿಳಿಯದು. ಅದು ಬಾರದೇ ಇದ್ದಿದ್ದರೆ ನಾನು ಹೇಳುತ್ತಿರಲಿಲ್ಲ. ಅಷ್ಟು ಗೊತ್ತು. ಅವನಿಗೂ ಗೊತ್ತು.