ಹತ್ತು ನಿಮಿಷ ಮುಂದಿದ್ದ ಗೋಪುರ

ನಮ್ಮ ಸೊಸೆ ಅಡುಗೆಮನೆಯ ಗಡಿಯಾರವನ್ನು ಐದು ನಿಮಿಷ ಮುಂದಿಟ್ಟಿದ್ದಾಳೆ, ಮೊಮ್ಮಗನ ಶಾಲೆಯ ವ್ಯಾನು ತಪ್ಪದಿರಲಿ ಎಂದು. ಅದು ಮುಂದಿದೆ ಎಂದು ಮನೆಯವರಿಗೆಲ್ಲ ಗೊತ್ತು. ಆದರೂ ಬೆಳಿಗ್ಗೆ ಅದನ್ನು ನೋಡಿದೊಡನೆ ಎಲ್ಲರೂ ಓಡಾಡುತ್ತಾರೆ. ಎಲ್ಲಿಗೂ ಹೋಗಬೇಕಿಲ್ಲದ ನಾನೂ ಗಡಿಬಿಡಿಯಲ್ಲಿ ಸ್ನಾನ ಮುಗಿಸುತ್ತೇನೆ. ಗೊತ್ತಿದ್ದೂ ಮೋಸಹೋಗುವ ಈ ಸುಖ ನನಗೇನೂ ಹೊಸದಲ್ಲ. ನಾನು ಬೆಳೆದ ಊರಿಗೆ ಊರೇ ಹೀಗೆ ಬದುಕುತ್ತಿತ್ತು.

ಸಾಗರದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯ ಮೇಲಿನ ಸಣ್ಣ ಪೇಟೆ ನಮ್ಮದು. ಅಷ್ಟು ಸಣ್ಣ ಪೇಟೆಗೆ ಗಡಿಯಾರದ ಗೋಪುರ ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ಸಾಹುಕಾರರೊಬ್ಬರು ಮುಂಬಯಿ ನೋಡಿ ಬಂದು, ತಾಯಿಯ ನೆನಪಿಗೆಂದು ಕಟ್ಟಿಸಿದ್ದಂತೆ. ಅದಕ್ಕೂ ಮುಂಚೆ ಮನೆಮನೆಗೂ ಅದರದೇ ಹೊತ್ತು. ಒಬ್ಬರಿಗೆ ದೇವಸ್ಥಾನದ ಮಧ್ಯಾಹ್ನದ ಗಂಟೆ, ಇನ್ನೊಬ್ಬರಿಗೆ ಜಗಲಿಯ ಮೆಟ್ಟಿಲು ದಾಟಿದ ಬಿಸಿಲು. ಮದುವೆಯ ಮುಹೂರ್ತಕ್ಕೆ ಜೋಯಿಸರು ತೂತಿನ ಬಟ್ಟಲೊಂದನ್ನು ನೀರಿನಲ್ಲಿ ತೇಲಿಬಿಟ್ಟು, ಅದು ಮುಳುಗುವುದನ್ನೇ ಕಾಯುತ್ತಿದ್ದರು. ಗೋಪುರ ಬಂದ ಮೇಲೆ ಎಲ್ಲರಿಗೂ ಒಂದೇ ಹೊತ್ತಾಯಿತು. ಒಬ್ಬನನ್ನು ‘ತಡವಾಗಿ ಬಂದೆ’ ಎಂದು ಬೈಯಲು ಸಾಧ್ಯವಾದದ್ದು ಬಹುಶಃ ಆಮೇಲೆಯೇ.

ಆದರೆ ಆ ಹೊತ್ತೂ ನಿಜದ್ದಲ್ಲ. ಸಾಗರದಲ್ಲಿ ರೈಲು ಹಿಡಿಯಬೇಕಾದವರು ಮೇಲಿಂದ ಮೇಲೆ ಬಸ್ಸು ತಪ್ಪಿಸಿಕೊಳ್ಳುವುದನ್ನು ನೋಡಿ ಬೇಸತ್ತ ಸಾಹುಕಾರರು ಗಡಿಯಾರವನ್ನು ಹತ್ತು ನಿಮಿಷ ಮುಂದಿಡಿಸಿದರು. ವಾರಕ್ಕೊಮ್ಮೆ ಮೇಲೆ ಹತ್ತಿ ಕೀ ಕೊಡುತ್ತಿದ್ದ ಪುಟ್ಟಯ್ಯ ಅದನ್ನು ಹಾಗೆಯೇ ನಡೆಸಿಕೊಂಡು ಬಂದ. ಊರವರು ಹೊತ್ತು ಹೇಳುವಾಗ "ಗೋಪುರದ ಒಂಬತ್ತು" ಎನ್ನುತ್ತಿದ್ದರು. ಹತ್ತು ನಿಮಿಷ ಕಳೆದುಕೊಳ್ಳುವ ಕೆಲಸ ಕೇಳಿದವರದ್ದು.

ನಮ್ಮಪ್ಪ ಒಂದು ಸಲ ಕಳೆಯಲು ಮರೆತರು, ಅಕ್ಕ ಹುಟ್ಟಿದಾಗ. ಒಳಗಿನಿಂದ ಮಗುವಿನ ಅಳು ಕೇಳಿದಾಗ ಗೋಪುರ ಒಂಬತ್ತು ಹೊಡೆಯುತ್ತಿತ್ತಂತೆ. ಸಂತೋಷದಲ್ಲಿ ಅಪ್ಪ ಜೋಯಿಸರಿಗೂ ಒಂಬತ್ತು ಎಂದೇ ಹೇಳಿದರು. ಜಾತಕ ಮೂಲಾ ನಕ್ಷತ್ರಕ್ಕೆ ಬಂತು. ಮೂಲಾ ನಕ್ಷತ್ರದ ಸೊಸೆ ಮಾವನ ಜೀವಕ್ಕೆ ಆಗಿಬರುವುದಿಲ್ಲ ಎಂಬ ನಂಬಿಕೆ ನಿಮಗೂ ಗೊತ್ತಿರಬಹುದು. ಅರವತ್ತರ ದಶಕದಲ್ಲಿ ಅಕ್ಕನ ಜಾತಕ ಹೊಸನಗರ, ಸಾಗರ ಎಲ್ಲ ಸುತ್ತಿ, ಹೋದಷ್ಟೇ ಬೇಗ ವಾಪಸು ಬರುತ್ತಿತ್ತು. ಲಿಂಗನಮಕ್ಕಿಯ ಅಣೆಕಟ್ಟೆ ಕಟ್ಟಿ ಮುಗಿದರೂ ಅಕ್ಕನ ಮದುವೆ ಗೊತ್ತಾಗಲಿಲ್ಲ.

ಕೊನೆಗೆ ತೀರ್ಥಹಳ್ಳಿ ಕಡೆಯ ಒಬ್ಬ ಮೇಷ್ಟ್ರು ಅಕ್ಕನನ್ನು ನೋಡಿ ಒಪ್ಪಿದರು. ಅಕ್ಕನಿಗೂ ಅವರು ತುಂಬಾ ಹಿಡಿಸಿದ್ದರು. ಜಾತಕ ನೋಡಿ ಬಿಳಿಚಿಕೊಂಡವರು ಹುಡುಗನ ಅಪ್ಪ. ಪಾಪ, ಜೀವ ಅವರದ್ದು! ಆಗ ನಮ್ಮಪ್ಪನಿಗೆ ಆ ಹತ್ತು ನಿಮಿಷ ನೆನಪಾಯಿತು. ಕಳೆದು ನೋಡಿದರೆ ಮೂಲಾ ಅಲ್ಲ, ಜ್ಯೇಷ್ಠಾ. ಅದರ ದೋಷ ಗಂಡನ ಅಣ್ಣನಿಗೆ. ಇಲ್ಲಿ ಹುಡುಗನೇ ಹಿರಿಯ ಮಗ. ಇಲ್ಲದ ಅಣ್ಣನಿಗೆ ಯಾವ ದೋಷ ತಗಲಿದರೇನು ಎಂದು ಅಪ್ಪ ಕುಣಿದಾಡಿದರು. ಎರಡು ನಕ್ಷತ್ರಗಳ ನಡುವಿನ ಸಂಧಿಗೂ ಒಂದು ದೋಷವಿದೆ ಎಂದು ಗೊತ್ತಿದ್ದ ಜೋಯಿಸರು ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಸುಮ್ಮನಾದರು.

ಹುಡುಗನ ಅಪ್ಪ ಖುದ್ದು ಪರೀಕ್ಷೆಗೆ ಬಂದರು. ಗೋಪುರದ ಕೆಳಗೆ ನಿಂತು, ರೇಡಿಯೋಗೆ ಹೊಂದಿಸಿದ್ದ ತಮ್ಮ ಕೈಗಡಿಯಾರ ನೋಡಿದರು. ಗೋಪುರ ಹತ್ತು ನಿಮಿಷ ಮುಂದಿತ್ತು. ಅಪ್ಪನ ಮುಖ ಅರಳಿತು. ಅಷ್ಟಕ್ಕೆ ಬಿಡದೆ ಹುಡುಗನ ಅಪ್ಪ ಪುಟ್ಟಯ್ಯನನ್ನು ಕರೆಸಿ, "ಈ ಹುಡುಗಿ ಹುಟ್ಟಿದಾಗ್ಲೂ ಹಿಂಗೇ ಇತ್ತಾ ಮಾರಾಯ?" ಎಂದು ಕೇಳಿದರು.

"ನಾನು ಯಾವಾಗ್ಲೂ ಮುಂದೇ ಇಡ್ತಿದ್ದೆ ಅಯ್ಯ," ಎಂದ ಪುಟ್ಟಯ್ಯ. "ಆದ್ರೆ ಮಳೆಗಾಲ್ದಲ್ಲಿ ಥಂಡಿ ಹಿಡ್ದು ಅದೇ ಹಿಂದೆ ಬೀಳ್ತಿತ್ತು. ಎಷ್ಟು ಅಂತ ಎಂತ ಹೇಳ್ಲಿ?"

ಅಕ್ಕ ಹುಟ್ಟಿದ್ದು ಆಷಾಢದಲ್ಲಿ.

ಮನೆಗೆ ಬಂದು ಎಲ್ಲರೂ ಜಗಲಿಯಲ್ಲಿ ಕೂತರು. ಈ ಮದುವೆಯೂ ತಪ್ಪಿತು ಎಂದೇ ನಾನೂ ಅಂದುಕೊಂಡೆ. ಕಾಫಿ ತಂದ ಅಕ್ಕ ಲೋಟ ಕೆಳಗಿಟ್ಟವಳೇ ಕೇಳಿಬಿಟ್ಟಳು: "ನೀವು ನೋಡೋಕೆ ಬಂದಿದ್ದು ನನ್ನನ್ನೋ, ಗಡಿಯಾರನೋ?"

ಅಪ್ಪ ಕಣ್ಣು ಮುಚ್ಚಿಕೊಂಡರು. ಹುಡುಗನ ಅಪ್ಪ ಅಕ್ಕನನ್ನು ದಿಟ್ಟಿಸಿ ನೋಡಿ, ನಿಧಾನವಾಗಿ ನಕ್ಕರು.

"ಗಡಿಯಾರ ನೋಡಾಯ್ತು ಮಾರಾಯ್ತಿ. ಕೂತ್ಕೋ, ಈಗ ನಿನ್ನ ನೋಡ್ತೀನಿ."

ಹಾಗೆ ಮಾತಿಗೆ ಕೂತವರು ಊಟ ಮುಗಿಸಿ, ಮದುವೆ ಗೊತ್ತು ಮಾಡಿಯೇ ಎದ್ದರು.

ಈ ಕಥೆಯನ್ನು ನಾನು ನಗಿಸಲೆಂದೇ ಎಷ್ಟೋ ಕಡೆ ಹೇಳಿದ್ದೇನೆ. ಆ ಮಾವ ತೊಂಬತ್ತರ ಹತ್ತಿರದವರೆಗೂ ಬದುಕಿದರು ಎಂದು ಕೊನೆಗೆ ಸೇರಿಸಿದರೆ ನಗು ಇನ್ನೂ ಜೋರು. ಮೊನ್ನೆ ಇದನ್ನು ಬರೆಯಲು ಕೂತಾಗ, ಬರೀ ಕುತೂಹಲಕ್ಕೆ ಅಕ್ಕನಿಗೆ ಫೋನ್ ಮಾಡಿ, ಆ ಮನೆಯಲ್ಲಿ ಮತ್ತೆ ಯಾರಾದರೂ ನಕ್ಷತ್ರದ ಮಾತೆತ್ತಿದ್ದರೇ ಎಂದು ಕೇಳಿದೆ.

"ಯಾರೂ ಎತ್ಲಿಲ್ಲ. ಮಾವ ನನ್ನನ್ನ ಮಗಳ ಹಾಗೇ ನೋಡ್ಕೊಂಡ್ರು," ಎಂದಳು. "ಆದ್ರೆ ಅವ್ರು ಒಂದು ಸಲ ಕೆಮ್ಮಿದ್ರೂ ನನ್ನ ಜೀವ ಹಾರ್ತಿತ್ತು ಕಣೋ. ಮೊಮ್ಮಕ್ಕಳ ಮದುವೆ ಎಲ್ಲ ನೋಡಿ ನೆಮ್ಮದಿಯಿಂದ ಹೋದ್ರಲ್ಲ, ಆವತ್ತು ಎಲ್ರೂ ಅತ್ರು, ನಾನೂ ಅತ್ತೆ. ಅತ್ತು ಮಲಗಿದೋಳಿಗೆ ಎಚ್ಚರಾನೇ ಆಗ್ಲಿಲ್ಲ. ಆ ಮನೆಗೆ ಹೋದ್ಮೇಲೆ ಅಷ್ಟು ನಿಶ್ಚಿಂತೆಯಾಗಿ ನಿದ್ದೆ ಮಾಡಿದ್ದು ಅದೇ ಮೊದಲು."