ಗೋಡೌನಿನಲ್ಲಿ ಕಟ್ಟಿದ ವಿಮಾನ

ಮಾದಾಪುರದ ನನ್ನ ನೆರೆಯವರು ವಾಯುಪಡೆಯ ನಿವೃತ್ತ ಮೆಕ್ಯಾನಿಕ್. ಸಂಜೆ ಅವರ ಕಾಫಿ ಗೋಡೌನಿನಲ್ಲಿ ನಾವು ಹಳೆಯ ವಿಮಾನಗಳ ಬಗ್ಗೆ ಹರಟುತ್ತಿದ್ದರೆ, ಅವರು ತಾವು ಮೊದಲು ಹತ್ತಿದ ವಿಮಾನದ ದೊಡ್ಡ ಪ್ರತಿಕೃತಿಯನ್ನು ಸಿಲ್ವರ್ ಓಕ್ ಮರದಲ್ಲಿ ಕಟ್ಟುತ್ತಿದ್ದರು. ಸಲಹೆ ಕೊಟ್ಟವರಿಗೆಲ್ಲ ಒಂದೇ ಉತ್ತರ: “ಅಳತೆ ಅಂದ್ರೆ ಅಳತೆ.”

ಹೊರಗೆ ತರುವ ದಿನ ರೆಕ್ಕೆ ಬಾಗಿಲಿಗೆ ಸಿಕ್ಕಿಕೊಂಡಿತು. ಬಾಗಿಲನ್ನು ಅವರು ಅಳೆದೇ ಇರಲಿಲ್ಲ. ರೆಕ್ಕೆ ಕಳಚುವಂತೆಯೂ ಇರಲಿಲ್ಲ.

“ತುದಿ ಸ್ವಲ್ಪ ಕುಯ್ದುಬಿಡಿ ಸಾರ್. ಹೇಗೂ ಇದು ಹಾರೋದಿಲ್ಲವಲ್ಲ,” ಎಂದೆ.

ಅವರು ಟೇಪು ಹಿಡಿದು ರೆಕ್ಕೆ ಅಳೆದರು, ಬಾಗಿಲ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದರು, ಹಾರೆ ಎತ್ತಿದರು.

ಮೊದಲ ಏಟಿನ ಸದ್ದಿಗೆ ಅವರ ಹೆಂಡತಿ ಓಡಿಬಂದರು. “ನಾಳೆಯಿಂದ ಪಿಕ್ಕಿಂಗ್. ಗೋಡೆ ಒಡೆದ್ರೆ ಕೊಯ್ದ ಕಾಫಿ ಎಲ್ಲಿಡೋದು ಇನ್ನು?”

“ಇದು ಹೊರಗೆ ಬಂದ್ರೆ ಒಳಗೆಲ್ಲ ಜಾಗವೇ ಅಲ್ವ?” ಎನ್ನುತ್ತ ಅವರು ಎರಡನೆಯ ಏಟು ಹಾಕಿದರು.