ಬುತ್ತಿಯ ಕೆಳಗಿನ ಖಣ

ಆಗ ನಮ್ಮ ಜಲನಗರದ ಮನೆಯಲ್ಲಿ ಬೇಸಿಗೆ ರಜೆ ಎಂದರೆ ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆ ಕಾಯುವುದು, ಹೊತ್ತು ಇಳಿದ ಮೇಲೆ ಓಣಿಯಲ್ಲಿ ಕುಂಟಾಟ ಆಡುವುದು, ಅಷ್ಟೇ. ಪ್ರವಾಸ ಎಂಬ ಮಾತೇ ನಮಗೆ ಗೊತ್ತಿರಲಿಲ್ಲ. ಊರಲ್ಲೇ ಇದ್ದ ಗೋಳಗುಮ್ಮಟವನ್ನು ಕೂಡ ನೆಂಟರು ಬಂದಾಗ ಮಾತ್ರ ನೋಡುತ್ತಿದ್ದವರು ನಾವು. ಅಂಥದ್ದರಲ್ಲಿ ಒಂದು ಸಂಜೆ ಅಪ್ಪ ಆಫೀಸಿನಿಂದ ಬಂದವನೇ, "ಐತವಾರ ಎಲ್ಲಾರೂ ತಿಕೋಟಾಕ್ಕ ಹೋಗೂಣು. ಅಲ್ಲೊಂದು ಆಟದ ಮ್ಯೂಸಿಯಂ ಆಗೇತಿ" ಅಂದ.

ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು. ನನ್ನ ಜಡೆ ಹೆಣೆಯುತ್ತಿದ್ದ ಗೌರತ್ತೆ, ಅಂದರೆ ಅಪ್ಪನ ತಂಗಿ, ಅರ್ಧ ಹೆಣೆದದ್ದನ್ನು ಹಾಗೇ ಬಿಟ್ಟಳು.

"ಅಲ್ಲೇನೈತಿ ಯಣ್ಣಾ?"

"ಪೈಲ್ವಾನರ ಗದಾ, ಜಾತ್ರ್ಯಾಗ ಎತ್ತಿದ ಗುಂಡಗಲ್ಲು, ಖೋಖೋದ ಕಪ್ಪು, ಹಂತಾವ. ರಿಟೈರ್ ಆದ ಮಾಸ್ತರೊಬ್ರು ಹತ್ತಿ ಗೋದಾಮಿನ್ಯಾಗ ಜೋಡಿಸ್ಯಾರ."

"ನಿನಗ ಯಾವಾಗಿಂದ ಗುಂಡಗಲ್ಲಿನ ಮ್ಯಾಲ ಪ್ರೀತಿ ಬಂತು?"

ಅಪ್ಪ ನಕ್ಕ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ನಗು ಅದು. ಏನೋ ಮಸಲತ್ತು ನಡೆದಿದೆ ಎಂದು ನನಗೂ ಅನ್ನಿಸಿತು.

ಗೌರತ್ತೆಯ ಸಂಶಯಕ್ಕೆ ಕಾರಣವಿತ್ತು. ಹಿಂದಿನ ಚಳಿಗಾಲದಲ್ಲಿ ಬಬಲೇಶ್ವರದ ಸಂತೆಗೆಂದು ಅವಳನ್ನು ಕರೆದೊಯ್ದು, ಪರಿಚಯದವರ ಮನೆಯಲ್ಲಿ ಚಹಾಕ್ಕೆ ಕೂರಿಸಿದರೆ, ಎದುರಿಗೆ ವರನ ಕಡೆಯವರು ಸಾಲಾಗಿ ಕೂತಿದ್ದರು. ಹೇಳಿದರೆ ಹುಡುಗಿ ಬರಲಾರಳು ಅನ್ನಿಸಿದಾಗ ಹೀಗೆ ಸಂತೆಯ ನೆಪ, ಗುಡಿಯ ನೆಪ ಹೂಡಿ ತೋರಿಸುವುದು ನಮ್ಮ ಕಡೆ ಹೊಸದಲ್ಲ. ಅವತ್ತು ಹುಡುಗನ ತಾಯಿ ಕೇಳಿದ್ದು ಒಂದೇ ಮಾತು: "ಹುಡಿಗಿ ಇನ್ನೂ ಸೈಕಲ್ ಹೊಡಿತಾಳೇನ್ರಿ?"

ಹೊಡೆಯುತ್ತಿದ್ದಳು, ರೇಸಿನ ಸೈಕಲ್ಲು. ಜಿಲ್ಲೆಯ ಪರವಾಗಿ ಗೆದ್ದು ಬಂದವಳು. ಒಂದು ರೇಸಿನಲ್ಲಿ ಬಿದ್ದು ಮೊಳಕಾಲು ಮುರಿದ ಮೇಲೆ ಬಿಟ್ಟಿದ್ದಳು. ಸತ್ಕಾರ ಮಾಡುತ್ತೇವೆಂದು ಯಾರಾದರೂ ಕರೆದರೆ, "ಬಿದ್ದಾಕಿಗೆ ಎಂಥಾ ಹಾರ?" ಎಂದು ಕದ ಹಾಕಿಕೊಳ್ಳುತ್ತಿದ್ದಳು. ಸೈಕಲ್ಲು ಮಾತ್ರ ಮಾಳಿಗೆಯ ಮೇಲೆ ಗೋಣಿತಟ್ಟಿನ ಕೆಳಗಿತ್ತು. ಅದರ ಚೈನಿಗೆ ಅವಳು ಎಣ್ಣೆ ಬಿಡುವಾಗ ನಾನು ಅರಿವೆ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದೆ. ಆ ಎಣ್ಣೆಯ ವಾಸನೆ ಅವಳ ಓಢಣಿಗೂ ಹತ್ತಿರುತ್ತಿತ್ತು. ಅವಳು ಗಂಡನ ಮನೆಗೆ ಹೋದರೆ ನನಗೆ ಯಾರಿದ್ದಾರೆ ಎಂದು ನೆನೆದರೇ ಅಳು ಬರುತ್ತಿತ್ತು.

ಆ ವಾರವೇ ಮಾಳಿಗೆಗೆ ಹೋಗಿ ನೋಡಿದರೆ ಗೋಣಿತಟ್ಟು ಇತ್ತು, ಸೈಕಲ್ಲು ಇರಲಿಲ್ಲ.

"ದುರಸ್ತಿಗೆ ಕೊಟ್ಟೇನಿ" ಅಂದ ಅಪ್ಪ.

"ಇಷ್ಟ ದಿನ ಯಾರೂ ಕೇಳಲಾರದ್ದಕ್ಕ ಈಗೇನ್ ದುರಸ್ತಿ?"

ಅಪ್ಪ ಪೇಪರಿನಲ್ಲಿ ಮುಖ ಹುದುಗಿಸಿದ. ಅವತ್ತಿನಿಂದ ಗೌರತ್ತೆ, ನಾನು ಇಬ್ಬರೂ ಪೊಲೀಸರಾದೆವು. ಅಪ್ಪನ ತಾಯಿ, ನಮ್ಮ ಆಯಿ, ಟ್ರಂಕಿನಿಂದ ಇಳಕಲ್ಲ ಸೀರೆ ತೆಗೆದು ಗೌರತ್ತೆಯ ಹೆಗಲಿಗೆ ಹಿಡಿದು ನೋಡಿದಳು. ಅವ್ವ ಮಲ್ಲಿಗೆ ಮಾಲೆಗೆ ಹೇಳಿಬಂದಳು. ಒಂದು ಸಂಜೆ ಅಪ್ಪ ಮಾಳಿಗೆಗೆ ಹೋಗಿ ಫೋನಿನಲ್ಲಿ ಮಾತಾಡುತ್ತಿದ್ದ. ನೀರಿನ ಟಾಕಿಯ ಹಿಂದೆ ನಾವು ಉಸಿರು ಹಿಡಿದು ಕೂತಿದ್ದೆವು. "ಹುಡಿಗಿಗೆ ಗೊತ್ತಾಗಬಾರ್ದು ನೋಡ್ರಿ" ಅಂದದ್ದು ಸ್ಪಷ್ಟವಾಗಿ ಕೇಳಿಸಿತು. ಗೌರತ್ತೆ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆ ಒತ್ತಿ ನೋವಾಯಿತು.

ಶನಿವಾರ ಬುತ್ತಿಯ ಚೀಲ ಕಟ್ಟಿಟ್ಟಿದ್ದರು. ಗೌರತ್ತೆ ಅದನ್ನು ಬಿಚ್ಚಿದಳು. ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಅದರ ಕೆಳಗೆ, ಪೇಪರಿನಲ್ಲಿ ಸುತ್ತಿದ ಹಸಿರು ರವಿಕೆ ಖಣ, ಕೊಬ್ಬರಿ ಬಟ್ಟಲು, ಅಕ್ಕಿ, ಅರಿಸಿನ ಕುಂಕುಮ. ಹೆಣ್ಣುಮಕ್ಕಳಿಗೆ ಉಡಿ ತುಂಬುವ ಸಾಮಾನು.

"ಯವ್ವಾ, ಗುಂಡಗಲ್ಲಿಗೆ ಉಡಿ ತುಂಬತಾರೇನ ಬೇ?"

"ದಾರ್ಯಾಗ ಗುಡಿ ಇರ್ತಾವ" ಅಂದಳು ಆಯಿ, ಮಗಳ ಮುಖ ನೋಡದೆ.

ಐತವಾರ ಬೆಳಿಗ್ಗೆ ಗೌರತ್ತೆಯ ಹಾಸಿಗೆ ಖಾಲಿ. ಮೊದಲ ಬಸ್ಸಿಗೇ ಕಾಖಂಡಕಿಯ ಸೋದರಮಾವನ ಮನೆಗೆ ಹೋಗಿಬಿಟ್ಟಿದ್ದಳು. ಅಲ್ಲಿಂದಲೇ ಅವ್ವನಿಗೆ ಫೋನು ಬಂತು. "ನಾ ಬರಂಗಿಲ್ಲ ವೈನಿ. ತೋರಸೂದು ಇದ್ರ ನನ್ನ ಫೋಟೋ ತೋರಿಸ್ರಿ."

ಅಪ್ಪ ಮೆಟ್ಟಿಲ ಮೇಲೆ ತಲೆ ಹಿಡಿದು ಕೂತ. ಜೀಪು ಬಂದು ಹಾರ್ನು ಹೊಡೆಯುತ್ತಿತ್ತು. "ಮಂದಿ ಕಾಯಾಕತ್ತಾರ, ನಡೀರಿ" ಎಂದು ಕಡೆಗೆ ತಾನೇ ಎದ್ದ. ದಾರಿಯುದ್ದಕ್ಕೂ ನನಗೆ ಒಳಗೊಳಗೇ ಖುಷಿ. ಗೌರತ್ತೆ ಪಾರಾದಳಲ್ಲ!

ಗೋದಾಮಿನಲ್ಲಿ ಹತ್ತಿಯ ಹಳೆಯ ವಾಸನೆ ಇನ್ನೂ ಇತ್ತು. ಗದೆಗಳನ್ನೂ ಕಲ್ಲುಗಳನ್ನೂ ದಾಟಿ ಒಳಗೆ ಹೋದರೆ, ನಟ್ಟನಡುವೆ ಗೌರತ್ತೆಯ ಸೈಕಲ್ಲು. ಹೊಸ ಟಾಯರು, ಚೆಂಡುಹೂವಿನ ಹಾರ. ಮೇಲೆ, ಹೆಲ್ಮೆಟ್ಟೂ ಕಪ್ಪು ಕನ್ನಡಕವೂ ಹಾಕಿದ ಅವಳ ಫೋಟೋ, ಕೆಳಗೆ ಹೆಸರು. ಎದುರಿಗೆ ಒಂದು ಖಾಲಿ ಕುರ್ಚಿ. ಆಟದ ಅಂಗಿ ತೊಟ್ಟ ಸಾಲಿ ಹುಡುಗಿಯರು ಬಾಗಿಲನ್ನೇ ನೋಡುತ್ತ ನಿಂತಿದ್ದರು. ವರ ಎಲ್ಲೂ ಇರಲಿಲ್ಲ.

"ಗೌರವ್ವ ಎಲ್ಲಿ?" ಮಾಸ್ತರರು ಕೇಳಿದರು.

"ಆರಾಮಿಲ್ರಿ" ಅಂದಳು ಅವ್ವ.

ಆಯಿ ಚೀಲದಿಂದ ಖಣ ತೆಗೆದಳು. ಸೈಕಲ್ಲಿನ ಸೀಟಿನ ಮೇಲೆ ಹಾಸಿ, ಅಕ್ಕಿ ಹಾಕಿ, ಕೊಬ್ಬರಿ ಬಟ್ಟಲು ಇಟ್ಟು, ಹ್ಯಾಂಡಲ್ಲಿಗೆ ಕುಂಕುಮ ಹಚ್ಚಿದಳು. ಯಾರೂ ನಗಲಿಲ್ಲ. ನಾನು ಜೋರಾಗಿ ಅತ್ತುಬಿಟ್ಟೆ.

ಮರುದಿನ ಗೌರತ್ತೆ ಮನೆಗೆ ಬಂದಾಗ ಅಪ್ಪ ಸಿಟ್ಟು ಮಾಡಲಿಲ್ಲ. "ಯಾರೂ ಇರಲಿಲ್ಲವ್ವಾ. ನಿನ್ನ ಸೈಕಲ್ ಇತ್ತು" ಅಂದ, ಅಷ್ಟೇ. ಅವಳು ಗೋಣಿತಟ್ಟು ಮಡಿಚಿಡುತ್ತ ಬಹಳ ಹೊತ್ತು ಮಾಳಿಗೆಯ ಮೇಲೇ ಇದ್ದಳು.

ಮಳೆಗಾಲದಲ್ಲಿ ಒಂದು ದಿನ ಯಾರಿಗೂ ಹೇಳದೆ ನನ್ನನ್ನು ಬಸ್ಸಿನಲ್ಲಿ ತಿಕೋಟಾಕ್ಕೆ ಕರೆದೊಯ್ದಳು. ಹಾರ ಇರಲಿಲ್ಲ, ಹುಡುಗಿಯರೂ ಇರಲಿಲ್ಲ. ಅವಳು ಹ್ಯಾಂಡಲ್ಲಿಗೆ ಕೈ ಚಾಚಿದಾಗ ಕಾವಲುಗಾರ ಓಡಿಬಂದ. "ಮುಟ್ಟಬ್ಯಾಡ್ರಿ ಬಾಯಾರ. ಭಾಳ ದೊಡ್ಡ ಆಟಗಾರ್ತಿ ಸೈಕಲ್ ಐತದು."

ನಾನು ಬಾಯಿ ತೆರೆದೆ. ಗೌರತ್ತೆ ನನ್ನ ಕೈ ಒತ್ತಿದಳು. "ಹೌದೇನ್ರಿ?" ಎಂದು ಹಿಂದೆ ಸರಿದು ನಿಂತಳು.

ಈಗ ನಮ್ಮ ಮನೆಯವರು ಎಲ್ಲಿಗೆ ಹೊರಟರೂ ಯಾವ ಊರು, ಎಲ್ಲಿ ಊಟ, ಯಾರ್ಯಾರು ಸಿಗುತ್ತಾರೆ ಎಲ್ಲವೂ ವಾರದ ಮೊದಲೇ ಫೋನಿನಲ್ಲಿ ಬಂದಿರುತ್ತದೆ. ಸಂಶಯಕ್ಕೆ ಜಾಗವಿಲ್ಲ, ಬೆರಗಿಗೂ ಇಲ್ಲ. ಗೌರತ್ತೆ ಆಮೇಲೆ ತಾನೇ ಒಪ್ಪಿದವನನ್ನು ಮದುವೆಯಾಗಿ ಸುಖವಾಗಿದ್ದಾಳೆ. ಅಪ್ಪ ಮಾತ್ರ ಹಬ್ಬಕ್ಕೆ ಅವಳಿಗೊಂದು ಸೀರೆ ಒಯ್ದರೂ ಹೊಸ್ತಿಲಾಚೆಯೇ ನಿಂತು, ಚೀಲದ ಬಾಯಿ ಅಗಲಿಸಿ ತೋರಿಸುತ್ತಾನೆ. "ಬರೇ ಸೀರಿ ಐತವ್ವಾ. ಮತ್ತೇನಿಲ್ಲ."